ತಾರಸಿಗೆ ಏನು ಹಾಸೋದು? ನಮ್ಮ ಮನೆಗೆ ನಾನು ಆರಿಸಿದ್ದು ಹೀಗೆ

ಮೈಸೂರಿನ ನಮ್ಮ ಮನೆ ಎಂಬತ್ತರ ದಶಕದ್ದು. ಆರ್‌ಸಿಸಿ ಮೋಲ್ಡಿನ ಮೇಲೆ ಇಟ್ಟಿಗೆ ಚೂರು, ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿ ಹಾಕಿದ ನಾಲ್ಕು ಇಂಚು ದಪ್ಪದ ಗಾರೆ ಇತ್ತು. ಅದು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮಳೆ ನಿಂತು ವಾರವಾದರೂ ಊಟದ ಮನೆಯ ಸೀಲಿಂಗಿನಲ್ಲಿ ತೇವ ಆರುತ್ತಿರಲಿಲ್ಲ. ಬಿರುಕು ಇರುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ. ಹಳೆ ಗಾರೆ ಒದ್ದೆ ಸ್ಪಂಜಿನ ಹಾಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೋಲ್ಡಿನಲ್ಲಿ ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ಬಿಡುತ್ತದೆ.

ನೋಡಲು ಬಂದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು: "ಸಾರ್, ಸುಮ್ನೆ ಇದನ್ನ ಯಾಕೆ ಒಡೆಸ್ತೀರ, ಇದರ ಮೇಲೇ ಇನ್ನೊಂದು ಪದರ ಹಾಕಿಬಿಡೋಣ." ನಾನು ಒಪ್ಪಲಿಲ್ಲ. ಕಾರಣ ತೂಕ. ನಾಲ್ಕು ಇಂಚಿನ ಇಟ್ಟಿಗೆ ಗಾರೆ ಒಂದು ಚದರ ಅಡಿಗೆ ಸುಮಾರು 18 ಕೆ.ಜಿ. ಬರುತ್ತದೆ. 900 ಚದರ ಅಡಿ ತಾರಸಿಗೆ ಅದು 16 ಟನ್. ಅದನ್ನು ಹೊತ್ತ ಹಳೆ ಮೋಲ್ಡಿಗೆ ಇನ್ನಷ್ಟು ಹೊರಿಸುವುದು ನನಗೆ ಸರಿ ಕಾಣಲಿಲ್ಲ. ಒಳಗೆ ಕಂಬಿ ತುಕ್ಕು ಹಿಡಿದಿದೆಯೋ ಇಲ್ಲವೋ ಅನ್ನುವುದೂ ಒಡೆಯದೆ ಗೊತ್ತಾಗುವುದಿಲ್ಲ, ಅಲ್ವಾ?

ಮಲೆನಾಡಿನ ನೆಂಟರು ತಾರಸಿಯ ಮೇಲೆ ಕಬ್ಬಿಣದ ಫ್ರೇಮ್ ನಿಲ್ಲಿಸಿ ಶೀಟು ಹಾಕಿಸಿ ಅಂದರು. ತೀರ್ಥಹಳ್ಳಿ ಕಡೆ ಅದು ಸರಿ. ಅಲ್ಲಿ ತಿಂಗಳುಗಟ್ಟಲೆ ಮಳೆ ಬಿಡುವುದಿಲ್ಲ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 800 ಮಿ.ಮೀ. ಮಳೆ. ಅದರಲ್ಲೂ ಜೋರಾಗಿ ಬರುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಉಳಿದ ಕಾಲವೆಲ್ಲ ತಾರಸಿ ಸುಡುವುದು ಬಿಸಿಲಿಗೆ. ಹಗಲು ಕಾದು ಹಿಗ್ಗುತ್ತದೆ, ಸಂಜೆ ಒಂದು ಮಳೆ ಬಿದ್ದರೆ ತಟ್ಟನೆ ಕುಗ್ಗುತ್ತದೆ. ಬಿರುಕು ಬಿಡುವುದು ಇದರಿಂದಲೇ. ಹಾಗಾಗಿ ನೀರು ತಡೆಯುವ ಕೆಲಸ ಒಂದು ವಸ್ತುವಿಗೆ, ಬಿಸಿಲು ಮತ್ತು ಓಡಾಟ ತಾಳುವ ಕೆಲಸ ಇನ್ನೊಂದಕ್ಕೆ ಎಂದು ಬೇರೆ ಮಾಡಿಕೊಂಡೆ. ಒಂದರಲ್ಲೇ ಎರಡೂ ಆಗುತ್ತದೆ ಅನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ನೋಡಿದ್ದು ಡಾಂಬರು ಶೀಟು. ಗ್ಯಾಸ್ ಬರ್ನರಿನಿಂದ ಕಾಯಿಸಿ ಅಂಟಿಸುವ ಮೂರು, ನಾಲ್ಕು ಮಿ.ಮೀ. ದಪ್ಪದ ಸುರುಳಿ. ದೊಡ್ಡ ಗೋದಾಮಿನ ತಾರಸಿಗೆ ಒಳ್ಳೆಯದೇ. ನಮ್ಮಲ್ಲಿ ಸೋಲಾರ್ ಹೀಟರಿನ ಕಾಲುಗಳು, ಟ್ಯಾಂಕಿನ ಪೈಪುಗಳು, ಮೆಟ್ಟಿಲ ಕೋಣೆಯ ಗೋಡೆ, ಹೆಜ್ಜೆಗೊಂದು ಅಡ್ಡಿ. ಒಂದೊಂದು ಕಡೆಯೂ ಶೀಟನ್ನು ಕತ್ತರಿಸಿ ತೇಪೆ ಹಾಕಬೇಕು. ಶೀಟು ಬಿಟ್ಟುಕೊಳ್ಳುವುದು ಅಂಥ ಜಾಗಗಳಲ್ಲೇ.

ಪಿಯು, ಅಂದರೆ ಪಾಲಿಯುರೆಥೇನ್ ಕೋಟಿಂಗ್ ನನಗೆ ಇಷ್ಟವಾಗಿತ್ತು. ಪೇಂಟಿನಂತೆ ಹಚ್ಚುವುದು, ಜಾಯಿಂಟೇ ಇಲ್ಲ, ರಬ್ಬರಿನಂತೆ ಎಳೆಯುತ್ತದೆ. ಆದರೆ ಅದಕ್ಕೆ ಕೆಳಗಿನ ಕಾಂಕ್ರೀಟು ಪೂರ್ತಿ ಒಣಗಿರಬೇಕು. ಹಳೆ ಗಾರೆ ಒಡೆಸಿ ತೆಗೆದ ಮೇಲೆ ಒಂದು ಪರೀಕ್ಷೆ ಮಾಡಿದೆ. ಮೂರಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಮೋಲ್ಡಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಹಾಳೆಯ ಒಳಮೈ ತುಂಬಾ ಸಣ್ಣ ಸಣ್ಣ ಹನಿ, ಅದರಡಿಯ ಕಾಂಕ್ರೀಟು ಕಪ್ಪಗಾಗಿತ್ತು. ವರ್ಷಗಟ್ಟಲೆ ನೀರು ಕುಡಿದ ಮೋಲ್ಡು ಕೆಲವು ದಿನದ ಬಿಸಿಲಿಗೆ ಒಣಗುವುದಿಲ್ಲ. ಇದರ ಮೇಲೆ ಪಿಯು ಹಚ್ಚಿದರೆ ಒಳಗಿನ ತೇವ ಆವಿಯಾಗಿ ಗುಳ್ಳೆ ಏಳುತ್ತದೆ.

ಆದ್ದರಿಂದ ಆರಿಸಿದ್ದು ಸಿಮೆಂಟ್ ಪುಡಿ ಮತ್ತು ಪಾಲಿಮರ್ ದ್ರಾವಣ ಕಲಸಿ ಬ್ರಷ್ಷಿನಲ್ಲಿ ಹಚ್ಚುವ ಎರಡು ಭಾಗದ ಕೋಟಿಂಗ್. ತೇವದ ಮೇಲೂ ಹಿಡಿದುಕೊಳ್ಳುತ್ತದೆ. ಆದರೆ ನೀರು ನಿಂತಿರಬಾರದು. ಹಚ್ಚುವ ಮೊದಲು ತುಕ್ಕು ಹಿಡಿದ ಕಂಬಿಗಳ ಸುತ್ತ ಕೆತ್ತಿಸಿ, ವೈರ್ ಬ್ರಷ್ಷಿನಲ್ಲಿ ಉಜ್ಜಿಸಿ, ಪಾಲಿಮರ್ ಸೇರಿಸಿದ ಗಾರೆ ತುಂಬಿಸಿದೆ. ಪ್ಯಾರಾಪೆಟ್ ಗೋಡೆ ಮತ್ತು ಮೋಲ್ಡು ಸೇರುವ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿಸಿದೆ. ಕೋಟಿಂಗನ್ನು ಗೋಡೆಯ ಮೇಲೆ ಒಂದಡಿ ಏರಿಸಿದೆ. ಮೂಲೆಗಳಲ್ಲಿ ಮತ್ತು ಪೈಪಿನ ಸುತ್ತ ಎರಡು ಕೋಟಿನ ನಡುವೆ ಫೈಬರ್ ಬಲೆ ಕೂರಿಸಿದೆ. ದುಡ್ಡು ಉಳಿಸೋಕೆ ಈ ಬಲೆ ಬೇಡ ಅನ್ನುವವರಿದ್ದಾರೆ, ದಯವಿಟ್ಟು ಬಿಡಬೇಡಿ. ಆಮೇಲೆ ನೀರು ಹೋಗುವ ಪೈಪುಗಳಿಗೆ ಬೆಣೆ ಹಾಕಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಕೆಳಗಿನ ಸೀಲಿಂಗ್ ನೋಡುತ್ತಿದ್ದೆವು. ಈ ಪರೀಕ್ಷೆ ಆಗದೆ ಮೇಲಿನ ಕೆಲಸಕ್ಕೆ ಕೈ ಹಾಕಿಸಬಾರದು.

ಇನ್ನು ವಾಟ. ಹತ್ತು ಅಡಿಗೆ ಒಂದೂಕಾಲು ಇಂಚು ಇಳಿಜಾರು ಬೇಕು. ಮಧ್ಯದಲ್ಲಿ ಎತ್ತರ ಮಾಡಿ ಎರಡೂ ಕಡೆಗೆ ನೀರು ಬಿಟ್ಟರೆ ಅಂಚಿನಲ್ಲಿ ಒಂದು ಇಂಚು, ನಡುವೆ ಮೂರು ಇಂಚು ಕಾಂಕ್ರೀಟು ಸಾಕಾಗುತ್ತದೆ. ಹಳೆಯದರಿಗಿಂತ ತೂಕ ಎಷ್ಟೋ ಕಡಿಮೆ. ಮೇಸ್ತ್ರಿ ಕಣ್ಣಳತೆಯಲ್ಲೇ ಮಾಡುತ್ತೇನೆ ಅಂದರು, ನಾನು ನೀರಿನ ಟ್ಯೂಬಿನಲ್ಲಿ ಮಟ್ಟ ಹಿಡಿದು ಗುರುತು ಹಾಕಿಸಿದೆ. ಎಂಥ ದುಬಾರಿ ಕೋಟಿಂಗ್ ಆದರೂ ಮೇಲೆ ನೀರು ನಿಲ್ಲುತ್ತಿದ್ದರೆ ಬಾಳುವುದಿಲ್ಲ.

ಎಲ್ಲದರ ಮೇಲೆ ಹಾಸಲು ಒಡೆದ ಟೈಲಿನ ಚೈನಾ ಮೊಸಾಯಿಕ್ ಅಗ್ಗವಾಗುತ್ತಿತ್ತು. ಆದರೆ ಅದರಲ್ಲಿ ಸಂದುಗಳು ಜಾಸ್ತಿ, ಅಂಚು ಎದ್ದರೆ ಕಾಲಿಗೆ ಚುಚ್ಚುತ್ತದೆ. "ಸಂಡಿಗೆ ಹಾಕೋಕೆ ಬರಿಗಾಲಲ್ಲೇ ಓಡಾಡ್ತೀನಿ ಕಣಪ್ಪ" ಎಂದು ಅಮ್ಮ ಮೊದಲೇ ಹೇಳಿದ್ದರು. ಕೆಂಪು ಮಣ್ಣಿನ ಬಿಲ್ಲೆ ನೋಡಲು ಚೆಂದ, ಆದರೆ ನೀರು ಹೀರಿ ಪಾಚಿ ಕಟ್ಟುತ್ತದೆ. ಕೊನೆಗೆ ಒಂದಡಿಯ ಬಿಳಿ ಕೂಲ್ ರೂಫ್ ಟೈಲ್ ಹಾಕಿಸಿದೆ, ನುಣುಪಿಲ್ಲದ ಮೈಯದ್ದು. ಬಿಸಿಲನ್ನು ವಾಪಸು ಕಳಿಸುತ್ತದೆ. ಏಪ್ರಿಲಿನಲ್ಲಿ ಮೇಲಿನ ಕೋಣೆಯಲ್ಲಿ ಮಲಗುವುದು ಈಗ ಕಷ್ಟವಲ್ಲ. ಹಿಗ್ಗಲು ಜಾಗ ಬೇಕೆಂದು ಹತ್ತು ಅಡಿಗೊಮ್ಮೆ ಮತ್ತು ಗೋಡೆಯ ಬುಡದಲ್ಲಿ ಸಂದು ಬಿಡಿಸಿ, ಅಲ್ಲಿ ಸಿಮೆಂಟಿನ ಬದಲು ರಬ್ಬರಿನಂಥ ಸೀಲೆಂಟ್ ತುಂಬಿಸಿದೆ. ಸೋಲಾರ್ ಹೀಟರನ್ನು ಟೈಲಿಗೆ ಬೋಲ್ಟ್ ಹೊಡೆಯದೆ ಕಾಂಕ್ರೀಟಿನ ದಿಮ್ಮಿಗಳ ಮೇಲೆ ಕೂರಿಸಿದೆ.

ಟೈಲ್ ಮುಚ್ಚುವ ಮೊದಲು ಪೈಪು, ಹಳೆ ಬಿರುಕು, ರಿಪೇರಿ ಮಾಡಿದ ಜಾಗ ಎಲ್ಲದರ ಪಕ್ಕ ಅಳತೆ ಟೇಪು ಇಟ್ಟು ಫೋಟೋ ತೆಗೆದುಕೊಂಡೆ. ಅವನ್ನು ಪ್ರಿಂಟ್ ಹಾಕಿಸಿ ಮನೆಯ ಪತ್ರಗಳ ಜೊತೆ ಇಟ್ಟಿದ್ದೇನೆ. ಕೇಬಲ್ಲಿನವರಾಗಲಿ ಪ್ಲಂಬರಾಗಲಿ ಡ್ರಿಲ್ ಹಿಡಿದು ಮೇಲೆ ಹತ್ತಿದರೆ ಮೊದಲು ಆ ಫೋಟೋ ತೋರಿಸುತ್ತೇನೆ.