ಸ್ಟೀರಿಯೋ ಕೊಳ್ಳುವಾಗ ವಾಟ್ ಬಿಡಿ, ಕಿವಿಯಿಂದ ಕೇಳಿ

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವಾಟ್) ಅಂಕಿ ನಂಬಬೇಡಿ. ಅದನ್ನು ಅಳೆಯೋಕೆ ನಿಗದಿತ ಕ್ರಮವೇ ಇಲ್ಲ, ಆರ್‌ಎಂಎಸ್, ಅಂದ್ರೆ ಸತತವಾಗಿ ಕೊಡಬಲ್ಲ ವಾಟ್, ಎಷ್ಟು ಅಂತ ಕೇಳಿ. ಅದೂ ಜಾಸ್ತಿ ಇದ್ದರೆ ಚೆನ್ನಾಗಿರುತ್ತೆ ಅಂತೇನಿಲ್ಲ: 50 ವಾಟ್ 100 ಆದರೆ ಸದ್ದು ಏರುವುದು ಬರೀ 3 ಡೆಸಿಬಲ್, ಅಂದ್ರೆ ಕಿವಿಗೆ ಸ್ವಲ್ಪ ಜೋರು ಅಷ್ಟೇ.

ಚೆನ್ನಾಗಿ ಕೇಳಿ ಪರಿಚಯವಿರುವ ಸಂಗೀತ ಕಛೇರಿಯ ರೆಕಾರ್ಡಿಂಗ್ ಅಂಗಡಿಗೆ ಒಯ್ಯಿರಿ. ಬಾಸ್ (ತಗ್ಗು ಸದ್ದು) ಹೆಚ್ಚಿಸುವ ಬಾಸ್ ಬೂಸ್ಟ್ ಆಫ್ ಮಾಡಿಸಿ. ಮೃದಂಗದ ಎಡಗಡೆಯ ಪೆಟ್ಟು ಗುಂಯ್ ಅಂತ ಎದ್ದು ನಿಲ್ಲಬೇಕು, ಮುಂದಿನ ಪೆಟ್ಟಿನ ಮೇಲೆ ಹರಡಿಕೊಂಡರೆ ಆ ಸ್ಪೀಕರ್ ಬೇಡ. ಗಾಯಕರ ದನಿ ಏರಿದಾಗಲೂ ಹಿಂದಿನ ತಂಬೂರಿ ಕೇಳಿಸ್ತಿರಬೇಕು. ಎರಡು ಸೆಟ್ ಹೋಲಿಸುವಾಗ ಸದ್ದು ಒಂದೇ ಮಟ್ಟದಲ್ಲಿರಲಿ, ಯಾಕಂದ್ರೆ ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತೆ. ಮನೆಗೆ ತಂದ ಮೇಲೆ ಮೂಲೆಗೆ ಒತ್ತಿ ಇಡಬೇಡಿ, ಬಾಸ್ ಸುಮ್ನೆ ಊದಿಕೊಳ್ಳುತ್ತೆ.