ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ: ಡೆಪಾಸಿಟ್ ವಿಷಯದಲ್ಲಿ ಮಾಲೀಕರು ಮಾಡಬೇಕಾದ್ದು, ನೀವು ಕೇಳಬೇಕಾದ್ದು

ಬೆಂಗಳೂರಿನಲ್ಲಿ ಅಡ್ವಾನ್ಸ್ ಕೊಟ್ಟು ರೂಢಿಯಾದವರಿಗೆ ಇಲ್ಲಿನ ಪದ್ಧತಿ ಹೊಸದು. ಅಲ್ಲಿ ಹತ್ತು ತಿಂಗಳ ಬಾಡಿಗೆ ಓನರ್ ಖಾತೆಗೆ ಹೋಗಿ ಕೂತಿರುತ್ತದೆ, ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ಇವೆರಡೂ ನಡೆಯುವುದಿಲ್ಲ. ಡೆಪಾಸಿಟ್ ಕೊನೆಯ ದಿನದವರೆಗೂ ಬಾಡಿಗೆದಾರರ ಹಣ. ಅದರಲ್ಲಿ ಹತ್ತು ಪೌಂಡ್ ಹಿಡಿಯಬೇಕೆಂದರೂ ದಾಖಲೆ ತೋರಿಸಿ ಸಾಬೀತು ಮಾಡುವ ಹೊಣೆ ಮಾಲೀಕರದ್ದು. (ಸ್ಕಾಟ್ಲೆಂಡಿನ ನಿಯಮ ಬೇರೆ. ಅಲ್ಲಿ ಎರಡು ತಿಂಗಳ ಬಾಡಿಗೆಯವರೆಗೆ ಡೆಪಾಸಿಟ್ ಕೇಳಬಹುದು. ಇಲ್ಲಿ ಬರೆದಿರುವುದೆಲ್ಲ ಇಂಗ್ಲೆಂಡಿಗೆ ಮಾತ್ರ.)

ಮೊದಲು ಮೊತ್ತ. 2019ರ ಜೂನ್ 1ರಿಂದ ಜಾರಿಯಲ್ಲಿರುವ ಟೆನೆಂಟ್ ಫೀಸ್ ಕಾಯ್ದೆ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ತೆಗೆದುಕೊಳ್ಳುವಂತಿಲ್ಲ. ತಿಂಗಳಿಗೆ 1,300 ಪೌಂಡ್ ಅಂದುಕೊಳ್ಳಿ. 12ರಿಂದ ಗುಣಿಸಿ 52ರಿಂದ ಭಾಗಿಸಿದರೆ ವಾರಕ್ಕೆ 300, ಐದು ವಾರಕ್ಕೆ 1,500. ಅದಕ್ಕಿಂತ ಒಂದು ಪೌಂಡ್ ಹೆಚ್ಚಾದರೂ ತಪ್ಪೇ. ಮನೆ ಹಿಡಿದಿಡಲು ಕೊಡುವ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ ಬಾಡಿಗೆ ದಾಟಬಾರದು. ಆದರೆ ನೀವೇ ಹಿಂದೆ ಸರಿದರೆ, ಅಥವಾ ಸಂಬಳ, ವೀಸಾ ವಿಷಯದಲ್ಲಿ ತಪ್ಪು ಮಾಹಿತಿ ಕೊಟ್ಟರೆ ಅದು ವಾಪಸ್ ಬರದೆ ಹೋಗಬಹುದು. ಹಾಗಾಗಿ ಮೂರು ಮನೆಗಳಿಗೆ ಒಟ್ಟಿಗೆ ಕೊಟ್ಟು ಕಾಯಬೇಡಿ.

ಹಣ ಕೈಸೇರಿದ 30 ದಿನದೊಳಗೆ ಮಾಲೀಕರು ಎರಡು ಕೆಲಸ ಮಾಡಬೇಕು. ಸರ್ಕಾರ ಮಾನ್ಯ ಮಾಡಿರುವ ಮೂರು ಯೋಜನೆಗಳಲ್ಲಿ ಒಂದರಲ್ಲಿ ಡೆಪಾಸಿಟ್ ನೋಂದಾಯಿಸಬೇಕು: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್. ಜೊತೆಗೆ, ಹಣ ಎಲ್ಲಿದೆ, ಯಾವ ಕಾರಣಕ್ಕೆ ಹಿಡಿಯಬಹುದು, ತಕರಾರಾದರೆ ಏನು ಮಾಡಬೇಕು ಎಂಬ ವಿವರವನ್ನು ಬರಹದಲ್ಲಿ ನಿಮಗೆ ಕೊಡಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುವ ಮಾಲೀಕರು ಬಹಳ. ಮರೆತರೂ ದಂಡ ತಪ್ಪುವುದಿಲ್ಲ. ಕೋರ್ಟಿಗೆ ಹೋದರೆ ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ಪರಿಹಾರ ಕೊಡಬೇಕಾಗುತ್ತದೆ. ಏಜೆಂಟ್ ಮರೆತರು ಅನ್ನುವುದು ಅಲ್ಲಿ ನೆಪವಾಗುವುದಿಲ್ಲ.

ಯೋಜನೆಗಳಲ್ಲಿ ಎರಡು ಬಗೆ. ಕಸ್ಟೋಡಿಯಲ್‌ನಲ್ಲಿ ಹಣ ಯೋಜನೆಯವರ ಬಳಿಯೇ ಇರುತ್ತದೆ, ಮಾಲೀಕರಿಗೂ ಖರ್ಚಿಲ್ಲ. ಇನ್ಶೂರ್ಡ್‌ನಲ್ಲಿ ಮಾಲೀಕರು ಶುಲ್ಕ ಕಟ್ಟಿ ಹಣ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಒಂದೇ ಮನೆ ಬಾಡಿಗೆಗೆ ಕೊಡುವವರಿಗೆ ಕಸ್ಟೋಡಿಯಲ್ಲೇ ವಾಸಿ: ಹಣ ಖರ್ಚಾಗಿಹೋಗುವ ಭಯವಿಲ್ಲ. ನೋಂದಣಿ ಆಗಿದೆಯೇ ಎಂದು ತಿಳಿಯಲು 31ನೇ ದಿನ ಮೂರೂ ಯೋಜನೆಗಳ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು, ಪೋಸ್ಟ್‌ಕೋಡ್ ಹಾಕಿ ಹುಡುಕಿ.

ಇಲ್ಲಿ ನಮ್ಮವರ ನಡುವೆಯೇ ಆಗುವ ಎಡವಟ್ಟೊಂದಿದೆ. ಪರಿಚಯದ ಕನ್ನಡದವರ ಮನೆ, ಊರಿನ ಕಡೆಯವರು ಅಂತ ಕೈಗೆ ನಗದು ಕೊಟ್ಟು ಸುಮ್ಮನಾಗುವುದು. ನಂಬಿಕೆ ಇರಲಿ, ನೋಂದಣಿಯೂ ಇರಲಿ. ನಮ್ಮವರು ಅಂತ ಕಾನೂನಿನಲ್ಲಿ ವಿನಾಯಿತಿ ಇಲ್ಲ. ಆದರೆ ಮಾಲೀಕರು ತಾವೂ ವಾಸವಿರುವ ಮನೆಯಲ್ಲಿ ನಿಮಗೊಂದು ರೂಮು ಕೊಟ್ಟಿದ್ದರೆ ನೀವು ಲಾಡ್ಜರ್. ಆಗ ಡೆಪಾಸಿಟ್ ನೋಂದಾಯಿಸುವ ಕಡ್ಡಾಯವಿಲ್ಲ. ಐದು ವಾರದ ಮಿತಿ ಮಾತ್ರ ಅಲ್ಲೂ ಇದೆ. ಅಂಥ ಕಡೆ ಬ್ಯಾಂಕ್ ಮೂಲಕವೇ ಹಣ ಹಾಕಿ, ಒಂದು ಪುಟದ ರಸೀದಿಗೆ ಇಬ್ಬರೂ ಸಹಿ ಮಾಡಿ.

ಡೆಪಾಸಿಟ್ ಉಳಿಯುವುದು, ಹೋಗುವುದು ಬಹುಮಟ್ಟಿಗೆ ಬೀಗದ ಕೈ ಪಡೆದ ದಿನವೇ ನಿರ್ಧಾರವಾಗುತ್ತದೆ. ಆ ದಿನದ ಇನ್ವೆಂಟರಿಯಲ್ಲಿ (ಮನೆಯ ಸಾಮಾನು ಮತ್ತು ಅವುಗಳ ಸ್ಥಿತಿಯ ಪಟ್ಟಿ) 'ಕಾರ್ಪೆಟ್ ಚೆನ್ನಾಗಿದೆ' ಎಂದಷ್ಟೇ ಇದ್ದರೆ ಇಬ್ಬರಿಗೂ ಪ್ರಯೋಜನವಿಲ್ಲ. 'ಹಾಲ್ ಕಾರ್ಪೆಟ್, ಕಿಟಕಿ ಕೆಳಗೆ ಅಂಗೈಯಗಲ ಕಂದು ಕಲೆ' ಎಂದಿರಬೇಕು, ತಾರೀಖು ಇರುವ ಫೋಟೋ ಜೊತೆಗಿರಬೇಕು. ಓವನ್ ಒಳಭಾಗ, ಚಿಮಣಿಯ ಫಿಲ್ಟರ್, ಶವರ್ ಗಾಜು, ಹಾಸಿಗೆಯ ಎರಡೂ ಮಗ್ಗುಲು, ಗ್ಯಾಸ್ ಮತ್ತು ಕರೆಂಟ್ ಮೀಟರ್ ರೀಡಿಂಗ್: ಇವನ್ನು ಬಿಡಬೇಡಿ. ಇನ್ವೆಂಟರಿಯಲ್ಲಿ ಬಿಟ್ಟುಹೋದದ್ದನ್ನು ಅದೇ ವಾರ ಇಮೇಲಿನಲ್ಲಿ ಬರೆದು ಕಳಿಸಿ. ವಾಟ್ಸ್ಯಾಪ್ ಫೋಟೋ ಮುಂದೆ ಹುಡುಕಿದಾಗ ಸಿಗುವುದಿಲ್ಲ.

ನಮ್ಮ ಮನೆಗಳಲ್ಲಿ ಹಣ ಕಳೆಯುವ ಜಾಗ ಅಡುಗೆಮನೆ. ಬಿಳಿ ವರ್ಕ್‌ಟಾಪ್ ಮೇಲೆ ಅರಿಸಿನ ಬಿದ್ದರೆ ತಕ್ಷಣ ಒರೆಸಿ. ರಾತ್ರಿಯಿಡೀ ಬಿಟ್ಟರೆ ಹಳದಿ ಕೂತುಬಿಡುತ್ತದೆ, ಅದು ಸಹಜ ಸವೆತವೆಂದು ಯಾರೂ ಒಪ್ಪುವುದಿಲ್ಲ. ಒಗ್ಗರಣೆಯ ಜಿಡ್ಡು ಚಿಮಣಿ ಫಿಲ್ಟರ್‌ನಲ್ಲಿ ಗಟ್ಟಿಯಾಗುವ ಮುನ್ನ ತಿಂಗಳಿಗೊಮ್ಮೆ ತೊಳೆಯಿರಿ. ದೇವರ ದೀಪವನ್ನು ಗೋಡೆಯಿಂದ ದೂರ ಇಡಿ, ಮಸಿ ಹಿಡಿದರೆ ಬಣ್ಣ ಬಳಿಸಬೇಕಾಗುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಒಳಗೇ ಬಟ್ಟೆ ಒಣಗಿಸಿದರೆ ಮೂಲೆಗಳಲ್ಲಿ ಬೂಷ್ಟು ಬರುತ್ತದೆ. ಸೋರಿಕೆಯಿಂದ ಬಂದದ್ದಾದರೆ ಹೊಣೆ ಮಾಲೀಕರದ್ದು, ಆದರೆ ಕಂಡ ಕೂಡಲೇ ನೀವು ಬರೆದು ತಿಳಿಸಿರಬೇಕು.

ಮಾಲೀಕರು ಲೆಕ್ಕ ತಪ್ಪುವುದು ಹಳೆಯದಕ್ಕೆ ಹೊಸದರ ಬೆಲೆ ಕೇಳಿದಾಗ. ಎಂಟು ವರ್ಷ ಬಾಳುವ 400 ಪೌಂಡ್‌ನ ಕಾರ್ಪೆಟ್‌ಗೆ ಐದು ವರ್ಷ ಆಗಿತ್ತು, ಬಾಡಿಗೆದಾರರು ಇಸ್ತ್ರಿಪೆಟ್ಟಿಗೆಯಿಂದ ಸುಟ್ಟರು ಎನ್ನಿ. ಉಳಿದ ಆಯುಷ್ಯ ಮೂರು ವರ್ಷ, ಕೇಳಬಹುದಾದದ್ದು 150 ಪೌಂಡ್. ಬಾಗಿಲ ಬಳಿ ನಡೆದಾಡಿ ಸವೆದದ್ದು, ಬಿಸಿಲಿಗೆ ಮಾಸಿದ ಪರದೆ, ಇವಕ್ಕೆ ಏನೂ ಇಲ್ಲ. ಸ್ವಚ್ಛತೆಗೆ ಇಂಥ ಕಂಪನಿಯನ್ನೇ ಕರೆಸಬೇಕೆಂದು ಒತ್ತಾಯಿಸುವಂತಿಲ್ಲ. ಬಂದಾಗ ಎಷ್ಟು ಚೊಕ್ಕಟವಾಗಿತ್ತೋ ಅಷ್ಟಿದ್ದರೆ ಸಾಕು.

ಮನೆ ಬಿಡುವ ದಿನ ಖಾಲಿ ಕೋಣೆಗಳ ಫೋಟೋ ತೆಗೆದು, ಕೀಲಿಗಳನ್ನು ಎಣಿಸಿ ಕೊಟ್ಟು, ಡೆಪಾಸಿಟ್ ವಾಪಸ್ ಬೇಕೆಂದು ಬರಹದಲ್ಲಿ ಕೇಳಿ. ಮೊತ್ತಕ್ಕೆ ಇಬ್ಬರೂ ಒಪ್ಪಿದ 10 ದಿನದೊಳಗೆ ಹಣ ಬರಬೇಕು. ಒಪ್ಪಿಗೆಯಾಗದಿದ್ದರೆ ಯೋಜನೆಯವರ ಉಚಿತ ತೀರ್ಪು ವ್ಯವಸ್ಥೆಯಿದೆ. ಯಾರೂ ಮನೆಗೆ ಬಂದು ನೋಡುವುದಿಲ್ಲ, ಕಾಗದ ಮತ್ತು ಫೋಟೋ ನೋಡಿಯೇ ನಿರ್ಧರಿಸುತ್ತಾರೆ. ಆ ತೀರ್ಪಿಗೆ ಇಬ್ಬರೂ ಬದ್ಧರು. ತಕರಾರಿಲ್ಲದ ಭಾಗವನ್ನು ಅಲ್ಲಿಯವರೆಗೆ ತಡೆಯಲು ಮಾಲೀಕರಿಗೆ ಕಾರಣವಿಲ್ಲ, ಅದನ್ನು ಮೊದಲೇ ಬಿಡಿಸಿಕೊಳ್ಳಿ. ಊರಿಗೆ ವಾಪಸ್ ಹೊರಟಿದ್ದರೆ, ಹಣ ಖಾತೆಗೆ ಬೀಳುವವರೆಗೆ ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಯೋಜನೆಯಲ್ಲಿ ಕೊಟ್ಟ ಫೋನ್ ನಂಬರ್ ಮತ್ತು ಇಮೇಲ್ ಬದಲಿಸಿ ಹೋಗಿ.