ಊರಿಗೆ ಬಾಟ್ಲಿ ಒಯ್ಯುವ ಮೊದಲು

ಡಿಸೆಂಬರ್ ರಜೆಗೆ ಟಿಕೆಟ್ ಆಯಿತು ಅಂದ ಕೂಡಲೇ ಹೊಸದಾಗಿ ದುಬಾಯಿಗೆ ಬಂದ ನಮ್ಮ ಉಡುಪಿ, ಮಂಗಳೂರು ಕಡೆಯ ಮಕ್ಕಳು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಮಾವನಿಗೆ ಯಾವ ಬಾಟ್ಲಿ ತಗೊಂಡು ಹೋಗ್ಲಿ?" ಕ್ರಿಸ್ಮಸ್‌ಗೆ ಹೋಗುವವರು, ತಂಗಿಯ ಮದುವೆಗೆ ಹೋಗುವವರು, ಮನೆಯ ದೈವದ ಕೋಲಕ್ಕೆ ಹೋಗುವವರು ಎಲ್ಲರೂ ಇದನ್ನೇ ಕೇಳುತ್ತಾರೆ. ಒಂದು ವಿಸ್ಕಿ ಬ್ರ್ಯಾಂಡ್ ಹೆಸರು ಹೇಳಿ ಕಳಿಸಬಹುದು. ನಾನು ಹಾಗೆ ಮಾಡುವುದಿಲ್ಲ. ಆ ಮನೆಯಲ್ಲಿ ಯಾರೆಲ್ಲ ಇದ್ದಾರೆ ಎಂದು ತಿರುಗಿ ಕೇಳುತ್ತೇನೆ. ನೀವು ಕೊಡುವುದು ಮಾವನಿಗೆ ಆದರೂ ಬಾಟ್ಲಿ ಹೋಗಿ ಸೇರುವುದು ಮನೆಗೆ. ಅದನ್ನು ತೆಗೆದಿಡುವುದು ಅತ್ತೆ. ನೋಡುತ್ತಾ ಕೂರುವುದು ಮಕ್ಕಳು. ಮರುದಿನ ಬೆಳಿಗ್ಗೆ ಅದರ ಪರಿಣಾಮ ಅನುಭವಿಸುವುದು ಎಲ್ಲರೂ.

ಮೊದಲು ಕಾನೂನಿನ ವಿಷಯ ಮುಗಿಸುತ್ತೇನೆ. ಭಾರತಕ್ಕೆ ಸುಂಕ ಇಲ್ಲದೆ ಒಬ್ಬರು ಒಯ್ಯಬಹುದಾದ್ದು 2 ಲೀಟರ್ ಮಾತ್ರ. ವಿಸ್ಕಿ, ವೈನ್, ಬಿಯರ್ ಎಲ್ಲ ಸೇರಿ 2 ಲೀಟರ್. ಡ್ಯೂಟಿ ಫ್ರೀಯ 1 ಲೀಟರ್ ಬಾಟ್ಲಿ ಆದರೆ ಎರಡು. 700 ಎಂಎಲ್‌ನದ್ದು ಮೂರು ತೆಗೆದುಕೊಂಡರೆ 2.1 ಲೀಟರ್ ಆಗಿ ಮಿತಿ ದಾಟುತ್ತದೆ, ಇದು ಸುಮಾರು ಜನರಿಗೆ ಹೊಳೆಯುವುದೇ ಇಲ್ಲ. ಗಂಡ ಹೆಂಡತಿ ಇಬ್ಬರಿದ್ದರೆ ತಲಾ 2 ಲೀಟರ್. ಮಕ್ಕಳ ಲೆಕ್ಕದಲ್ಲಿ ಸೇರಿಸುವುದು ಬೇಡ. ಡ್ಯೂಟಿ ಫ್ರೀಯವರು ಸೀಲ್ ಮಾಡಿ ಕೊಟ್ಟ ಚೀಲವನ್ನು ದಾರಿಯಲ್ಲಿ ಒಡೆಯಬೇಡಿ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇಳಿದು ಮಂಗಳೂರಿಗೆ ಬೇರೆ ವಿಮಾನ ಹಿಡಿಯುವವರು ಕಸ್ಟಮ್ಸ್ ಮುಗಿದ ಮೇಲೆ ಬಾಟ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿಬಿಡಿ. ಮಂಗಳೂರಿನ ಬಜಪೆ ಏರ್‌ಪೋರ್ಟ್‌ಗೇ ನೇರ ಇಳಿಯುವವರಿಗೆ ಈ ರಗಳೆ ಇಲ್ಲ.

ದುಬಾಯಿಯ ಪೇಟೆಯಲ್ಲಿ ಕೊಳ್ಳಲು ಲೈಸೆನ್ಸ್ ಬೇಕು, 21 ವರ್ಷ ಆಗಿರಬೇಕು. 2023ರ ಜನವರಿಯಲ್ಲಿ ತೆಗೆದಿದ್ದ 30% ತೆರಿಗೆ 2025ರ ಜನವರಿಯಿಂದ ವಾಪಸ್ ಬಂದಿದೆ. ಹಾಗಾಗಿ ಏರ್‌ಪೋರ್ಟ್‌ನಲ್ಲೇ ತೆಗೆದುಕೊಳ್ಳಿ. ಶಾರ್ಜಾದಲ್ಲಿ ಇರುವವರು ಬಾಟ್ಲಿ ತಂದು ರೂಮಿನಲ್ಲಿ ಇಡುವುದೇ ಬೇಡ, ಅಲ್ಲಿ ಪೂರ್ತಿ ನಿಷೇಧ. ಕುವೈತ್‌ನಲ್ಲಿ ಇರುವ ತಮ್ಮಂದಿರಿಗೆ ಇನ್ನೊಂದು ಮಾತು. ಅಲ್ಲಿ ಗುಟ್ಟಾಗಿ ಮಾರುವ ಸರಕನ್ನು ಮುಟ್ಟಬೇಡಿ. 2025ರ ಆಗಸ್ಟ್‌ನಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು ಅಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ನಮ್ಮ ಹಾಗೆಯೇ ದುಡಿಯಲು ಹೋದ ಏಷ್ಯಾದವರು. ಕೆಲವರ ಕಣ್ಣೇ ಹೋಯಿತು. ಆ ಸುದ್ದಿ ಬಂದ ವಾರ ಇಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಪರಿಚಯದ ಹುಡುಗರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳಿದೆವು.

ಈಗ ಆಯ್ಕೆಗೆ ಬರೋಣ. ದಿನಾ ಸಂಜೆ ಸೋಡಾ ಹಾಕಿ ಒಂದು ಪೆಗ್, ಜೊತೆಗೆ ನಾಲ್ಕು ಬಂಗುಡೆ ಫ್ರೈ. ಹೀಗೆ ಕುಡಿಯುವ ಮಾವನಿಗೆ 12 ವರ್ಷದ ಬ್ಲೆಂಡೆಡ್ ಸ್ಕಾಚ್, ಅಂದರೆ ಹಲವು ವಿಸ್ಕಿ ಬೆರೆಸಿ ಮಾಡಿದ ಸ್ಕಾಟ್ಲೆಂಡಿನ ವಿಸ್ಕಿ, ಸಾಕು. ಬ್ಲ್ಯಾಕ್ ಲೇಬಲ್, ಶಿವಾಸ್ ಥರದ್ದು. ಪೆಟ್ಟಿಗೆಯ ಮೇಲಿನ 12 ಎಂದರೆ ಅದರಲ್ಲಿ ಬೆರೆಸಿದ ಎಲ್ಲಕ್ಕಿಂತ ಎಳೆಯ ವಿಸ್ಕಿಯ ವಯಸ್ಸು. ಸ್ಕಾಚ್ ಅನಿಸಿಕೊಳ್ಳಬೇಕಾದರೆ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಲೇಬೇಕು. ಬಾಟ್ಲಿಗೆ ಬಂದ ಮೇಲೆ ಅದರ ವಯಸ್ಸು ಏರುವುದಿಲ್ಲ. ಹಾಗಾಗಿ "ಇಟ್ಟಷ್ಟೂ ಒಳ್ಳೆಯದಾಗುತ್ತದೆ" ಎಂದು ಶೋಕೇಸಿನಲ್ಲಿ ಹತ್ತು ವರ್ಷ ಇಡುವ ಅಣ್ಣಂದಿರಿಗೆ ಇದನ್ನು ಮೆಲ್ಲ ಹೇಳಿ. ಬೇಕಾದವರು ಬಂದಾಗ ತೆಗೆಯಲಿ.

ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಸಂತೋಷ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪದ ಕೆಲವು ಸಿಂಗಲ್ ಮಾಲ್ಟ್‌ಗಳಿಗೆ, ಅಂದರೆ ಒಂದೇ ಭಟ್ಟಿಯಲ್ಲಿ ಬಾರ್ಲಿಯಿಂದ ಮಾಡಿದ ವಿಸ್ಕಿಗಳಿಗೆ, ಹೊಗೆಯ ವಾಸನೆ ಇರುತ್ತದೆ. ಜೌಗು ನೆಲದ ಪೀಟ್ ಮಣ್ಣು ಉರಿಸಿ ಬಾರ್ಲಿ ಒಣಗಿಸುವುದರಿಂದ ಬರುವ ವಾಸನೆ ಅದು. ಇಷ್ಟಪಡುವವರು ಅದಕ್ಕೆಂದೇ ಹುಡುಕಿ ಕೊಳ್ಳುತ್ತಾರೆ. ಆದರೆ ನಮ್ಮ ಊರಿನ ಹಿರಿಯರಿಗೆ ಮುಚ್ಚಳ ತೆಗೆದ ಕೂಡಲೇ ಟಿಂಚರ್ ಅಯೋಡಿನ್ ನೆನಪಾಗುತ್ತದೆ. ಪಾಪ, ಬಾಯಿಬಿಟ್ಟು ಹೇಳುವುದಿಲ್ಲ. ಬಾಟ್ಲಿ ಹಾಗೇ ಉಳಿಯುತ್ತದೆ. ರಮ್ ಕುಡಿಯುವವರಿಗೆ ಹೊರಗಿನ ರಮ್ ಒಯ್ಯಬೇಡಿ, ಅವರಿಗೆ ಊರಿನದೇ ರುಚಿ. ಶೀತ ಆದಾಗ ಬಿಸಿನೀರಿಗೆ ಎರಡು ಚಮಚ ಬ್ರಾಂಡಿ ಹಾಕಿಕೊಂಡು ಮಲಗುವ ಅಜ್ಜಂದಿರಿಗೆ ಫ್ರಾನ್ಸಿನ ಬ್ರಾಂಡಿ ಕೊನ್ಯಾಕ್ ಕೊಟ್ಟರೆ ಮುಖ ಅರಳುತ್ತದೆ. ಅದರಲ್ಲಿ ವಿಎಸ್ಒಪಿ ಎಂದರೆ ಕನಿಷ್ಠ 4 ವರ್ಷದ್ದು, ಎಕ್ಸ್ಒ ಎಂದರೆ 10 ವರ್ಷದ್ದು. ವಿಎಸ್ಒಪಿ ಧಾರಾಳ ಸಾಕು. ಕ್ರಿಸ್ಮಸ್ ಮನೆಯ ವಯಸ್ಸಾದ ಹೆಂಗಸರಿಗೆ ಪೋರ್ಟ್ ವೈನ್ ಹಿಡಿಸುತ್ತದೆ. ಸಿಹಿ ಇರುತ್ತದೆ, ಸಣ್ಣ ಗ್ಲಾಸಿನಲ್ಲಿ ಅರ್ಧ ಸಾಕು. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಪೋರ್ಟ್, ಕ್ರೀಮ್ ಲಿಕರ್ ಎರಡೂ ಬೇಡ. ಬೇಲೀಸ್ ಥರದ ಕ್ರೀಮ್ ಲಿಕರ್ ನಮ್ಮ ಸೆಕೆಗೆ ಹೊರಗೆ ಉಳಿಯುವುದಿಲ್ಲ, ಫ್ರಿಜ್ಜಿನಲ್ಲಿ ಇಡಲು ಹೇಳಿ ಕೊಡಿ.

ಒಂದು ಕಾಲದಲ್ಲಿ ಗಲ್ಫಿನಿಂದ ಬಂದವನ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್, ಟೈಗರ್ ಬಾಮ್, ಸೆಂಟು, ಒಂದು ಸ್ಕಾಚ್ ಇದ್ದರೆ ಇಡೀ ವಠಾರ ಬರುತ್ತಿತ್ತು. ಆಗ ಫಾರಿನ್ ಬಾಟ್ಲಿ ಊರಿನಲ್ಲಿ ಸಿಗುತ್ತಲೇ ಇರಲಿಲ್ಲ. 2001ರ ಏಪ್ರಿಲ್‌ನಲ್ಲಿ ಆಮದಿನ ನಿರ್ಬಂಧ ಹೋಯಿತು. ಈಗ ಮಂಗಳೂರಿನ ದೊಡ್ಡ ವೈನ್ ಶಾಪ್‌ನಲ್ಲಿ ಎಲ್ಲ ಇದೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಮೊದಲು ಮಾರಾಟಕ್ಕೆ ಇಳಿದು ಹೆಸರು ಮಾಡಿತು. ಹಾಗಾಗಿ ಫಾರಿನ್ ಎಂಬ ಒಂದೇ ಕಾರಣಕ್ಕೆ ಯಾರೂ ಕಣ್ಣರಳಿಸುವುದಿಲ್ಲ. ನೀವು ಅವರ ರುಚಿ ನೆನಪಿಟ್ಟುಕೊಂಡು ತಂದಿದ್ದೀರಿ ಎಂದು ಗೊತ್ತಾದರೆ ಅದೇ ದೊಡ್ಡ ಸಂತೋಷ.

ಯಾವ ಮನೆಗೆ ಬಾಟ್ಲಿ ಒಯ್ಯಬಾರದು ಎನ್ನುವುದು ಯಾವ ಬಾಟ್ಲಿ ಎನ್ನುವುದಕ್ಕಿಂತ ಮುಖ್ಯ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಎಷ್ಟೋ ಗಂಡಸರು ಅಯ್ಯಪ್ಪನ ಮಾಲೆ ಹಾಕಿರುತ್ತಾರೆ. ನವೆಂಬರ್ ಮಧ್ಯದಿಂದ 41 ದಿನ ವ್ರತ. ಕ್ರಿಸ್ಮಸ್ ಕಳೆದ ಮೇಲೆಯೇ ಮಂಡಲಪೂಜೆ. ಮಾಲೆ ಹಾಕಿದವರ ಎದುರು ಬಾಟ್ಲಿ ತೆಗೆದು ಇಡುವುದು ಅವರಿಗೂ ಮುಜುಗರ, ಮನೆಯವರಿಗೂ ಬೇಸರ. ಹೊರಡುವ ಮೊದಲು ಒಂದು ಫೋನ್ ಮಾಡಿ ಕೇಳಿದರೆ ಸಾಕು. ಕೋಲದ ಮನೆಗೆ ಹೋಗುವವರೂ ಹಾಗೆಯೇ. ಕೊರಗಜ್ಜ ದೈವಕ್ಕೆ ಚಕ್ಕುಲಿ, ವೀಳ್ಯದ ಜೊತೆ ಕಳ್ಳೋ ಸಾರಾಯಿಯೋ ಹರಕೆ ಹೇಳಿಕೊಳ್ಳುವುದು ನಮ್ಮಲ್ಲಿ ಇದೆ. ಹಾಗೆಂದು ನಿಮ್ಮಷ್ಟಕ್ಕೆ ಸ್ಕಾಚ್ ಹಿಡಿದುಕೊಂಡು ಹೋಗಿ ನಿಲ್ಲಬೇಡಿ. ಆ ಸ್ಥಳದ ಕ್ರಮ ಏನು ಎಂದು ಅಲ್ಲಿಯ ಹಿರಿಯರನ್ನು ಕೇಳಿ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಅಲ್ಲಿಗೆ ಹೋಗಿ ಕುಡಿತ ಬಿಟ್ಟು ಬಂದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಊರಿನಿಂದ ದೂರ ಇರುವ ನಮಗೆ ಇದು ಗೊತ್ತಿರುವುದಿಲ್ಲ. ನಮ್ಮ ತಲೆಯಲ್ಲಿ ಇರುವುದು ನಾವು ಹೊರಟು ಬಂದಾಗಿನ ಭಾವ, ನಗುತ್ತಾ ಪೆಗ್ ಸುರಿಯುತ್ತಿದ್ದ ಭಾವ. ಅವರು ಈಗ ಕುಡಿಯದೆ ಒಂದೊಂದೇ ದಿನ ಗೆದ್ದು ಬದುಕುತ್ತಿರಬಹುದು. ನೀವು ಪ್ರೀತಿಯಿಂದಲೇ ಕೊಟ್ಟ ಒಂದು ಬಾಟ್ಲಿಯಿಂದ ಅದೆಲ್ಲ ಒಂದೇ ರಾತ್ರಿಯಲ್ಲಿ ನೀರಿಗೆ ಹೋಗಬಹುದು.

ನಮ್ಮ ನೆಂಟರಲ್ಲಿ ಒಬ್ಬಳು, ನನಗಿಂತ ಚಿಕ್ಕವಳು, ನಾವು ಹೊರಡುವ ಹಿಂದಿನ ದಿನ ಫೋನ್ ಮಾಡಿದಳು. ಹಿಂದೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ಯಾರಿಗೂ ಕೇಳಬಾರದು ಎಂದು ನಲ್ಲಿ ಬಿಟ್ಟುಕೊಂಡೇ ಮಾತಾಡುತ್ತಿದ್ದಳು. "ಅಕ್ಕಾ, ಈ ಸಲ ಬಾಟ್ಲಿ ಮಾತ್ರ ತರಬೇಡಿ. ನೀವು ನಾಲ್ಕು ದಿನ ಇದ್ದು ಹೋಗ್ತೀರಿ. ಆಮೇಲೆ ಇವರೊಟ್ಟಿಗೆ ಇರಬೇಕಾದ್ದು ನಾನಲ್ವಾ." ಮತ್ತೆ ಕೂಡಲೇ ದನಿ ಬದಲಾಯಿಸಿ ವಿಮಾನ ಎಷ್ಟು ಗಂಟೆಗೆ ಎಂದು ಕೇಳಿದಳು. ಅವಳ ಗಂಡ ಅಡುಗೆಮನೆಗೆ ಬಂದಿರಬೇಕು. ಅವತ್ತಿನಿಂದ ನನ್ನದು ಒಂದೇ ನಿಯಮ. ಮನೆಯ ಹೆಂಗಸನ್ನು ಕೇಳದೆ ಆ ಮನೆಗೆ ಬಾಟ್ಲಿ ಇಲ್ಲ. ಎಲ್ಲರ ಎದುರು ಕೇಳಿದರೆ "ತನ್ನಿ, ತನ್ನಿ" ಎನ್ನುತ್ತಾರೆ. ಬೇರೆಯಾಗಿ ಕೇಳಿ. ಅವಳು ಒಂದು ಕ್ಷಣ ಸುಮ್ಮನಾದರೆ ಬೇಡ ಎಂದೇ ತಿಳಿಯಿರಿ.

ನಾಳೆ ಗಂಡಸರು ಮುಖ ದಪ್ಪ ಮಾಡಿದರೆ ಮಾಡಲಿ. "ಗಲ್ಫಿನಿಂದ ಬಂದು ಒಂದು ಬಾಟ್ಲಿ ತರಲಿಲ್ಲ" ಎಂಬ ಮಾತನ್ನು ನೀವು ತಡೆದುಕೊಳ್ಳಬಹುದು, ಅದು ನಾಲ್ಕು ದಿನದ್ದು. ಆ ಮನೆಗೆ ಬಾದಾಮಿ, ಖರ್ಜೂರ, ಮಾವನಿಗೆ ಒಂದು ಒಳ್ಳೆಯ ಬಿಪಿ ಮೆಷಿನ್, ಅತ್ತೆಗೆ ಹಗುರ ಚಪ್ಪಲಿ ಒಯ್ಯಿರಿ.

ಕುಡಿಯುವ ಮನೆಗಳಲ್ಲೂ ನೋಡಿಕೊಳ್ಳಬೇಕಾದ್ದು ಇದೆ. ಅಣ್ಣನಿಗೆ ಕೊಟ್ಟು ತಮ್ಮನಿಗೆ ಕೊಡದಿದ್ದರೆ ಕುಟುಂಬದ ಮನೆಯಲ್ಲಿ ಅದು ವರ್ಷಗಟ್ಟಲೆ ಮಾತಾಗುತ್ತದೆ. ಹಾಗಾಗಿ ಮದುವೆ ಚಪ್ಪರದಲ್ಲಿ, ಹತ್ತು ಜನರ ಎದುರು ಕೊಡಬೇಡಿ. ಮನೆಗೇ ಹೋಗಿ ಕೊಡಿ. ಬಾಟ್ಲಿ ಮಾವನಿಗೆ ಆದರೆ ಅತ್ತೆಗೂ ಏನಾದರೂ ಇರಲಿ, ಮತ್ತು ಅತ್ತೆಯದನ್ನು ಮೊದಲು ಕೊಡಿ. ಪೆರ್ಡೂರಿನ ಕಡೆ ನನ್ನ ಅತ್ತೆಯೊಬ್ಬರು ಇದ್ದಾರೆ. ಬಾಟ್ಲಿಯನ್ನು ಕೈಗೆ ತೆಗೆದುಕೊಂಡು ಸೆರಗಿನಲ್ಲಿ ಪೆಟ್ಟಿಗೆ ಒರೆಸಿ ಅಕ್ಕಿ ಡಬ್ಬದ ಹಿಂದೆ ಇಡುತ್ತಾರೆ. ಯಾವತ್ತು ಹೊರಗೆ ಬರಬೇಕು ಎಂದು ನಿರ್ಧರಿಸುವುದು ಅವರೇ. ಮಾವ ಕೇಳುವುದೂ ಇಲ್ಲ, ಹುಡುಕುವುದೂ ಇಲ್ಲ. ಖಾಲಿಯಾದ ಮೇಲೆ ಅದೇ ಬಾಟ್ಲಿ ತೊಳೆದು ಗಾಣದ ಎಣ್ಣೆ ತುಂಬಿಸುತ್ತಾರೆ. ಅಂಥ ಮನೆಗೆ ಬಾಟ್ಲಿ ಒಯ್ಯಲು ನನಗೆ ಖುಷಿ.

ನನ್ನ ಅಜ್ಜ ಕಳ್ಳು ಇಳಿಸುವ ಮೂರ್ತೆದಾರರಾಗಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಂಗಿನ ಮರ ಹತ್ತುತ್ತಿದ್ದರು. ಹೊಂಬಾಳೆಯನ್ನು ಬಡಿದು ಬಡಿದು ಮೆದು ಮಾಡಿ, ತುದಿ ಕೊಯ್ದು, ಮಡಕೆ ಕಟ್ಟಿ ಇಳಿಯುತ್ತಿದ್ದರು. ಬೆಳಗ್ಗಿನ ಕಳ್ಳು ಸಿಹಿ. ಹೊತ್ತು ಏರಿದ ಹಾಗೆ ಹುಳಿ ಬಂದು ನೊರೆ ಏಳುತ್ತದೆ. ಪಕ್ಕದ ಕ್ರಿಶ್ಚಿಯನ್ ಮನೆಯ ಬಾಯಮ್ಮ ಇಡ್ಲಿಯಂಥ ಸನ್ನದ ಹಿಟ್ಟಿಗೆ ಹಾಕಲು ಒಂದು ಚೆಂಬು ಕಳ್ಳು ಒಯ್ಯುತ್ತಿದ್ದರು, ಕ್ರಿಸ್ಮಸ್ ದಿನ ಅದೇ ಚೆಂಬಿನ ಮೇಲೆ ಬಾಳೆಎಲೆ ಮುಚ್ಚಿ ಬಿಸಿ ಸನ್ನ ಬರುತ್ತಿತ್ತು. ಅವರ ಮನೆಯ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಗೋಧಿ ಹಾಕಿದ ವೈನ್ ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿರುತ್ತಿತ್ತು. ಅಜ್ಜ ಇಡೀ ಜನ್ಮ ಕಳ್ಳು ಇಳಿಸಿದರು. ತಾವು ಕುಡಿದವರಲ್ಲ. ಚಾವಡಿಯಲ್ಲಿ ನಾರಾಯಣ ಗುರುಗಳ ಪಟ ಇತ್ತು. ಕುದ್ರೋಳಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದ ಅದೇ ಗುರುಗಳು ಮದ್ಯ ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದವರು. ಆ ಮಾತಿಗೂ ಹೊಟ್ಟೆಪಾಡಿಗೂ ನಡುವೆ ಅಜ್ಜ ಎಷ್ಟು ಕಷ್ಟಪಟ್ಟಿರಬೇಕು ಎಂದು ನನಗೆ ಈಗ ಅನಿಸುತ್ತದೆ. ಆಗ ಕೇಳಲಿಲ್ಲ, ಈಗ ಕೇಳಲು ಅವರಿಲ್ಲ.

ನನ್ನ ಮಕ್ಕಳು ಇಲ್ಲೇ ಹುಟ್ಟಿ ಬೆಳೆದವರು. ಅವರ ಪಾಲಿಗೆ ಬಾಟ್ಲಿ ಅಂದರೆ ಏರ್‌ಪೋರ್ಟ್‌ನ ದೀಪದ ಕೆಳಗೆ ಸಾಲಾಗಿ ನಿಂತ ಸರಕು. ಅದರ ಹಿಂದೆ ಮರ ಹತ್ತಿದ ಒಬ್ಬ ಅಜ್ಜ ಇದ್ದರು, ಅದರಿಂದಲೇ ಅಮ್ಮನ ಶಾಲೆಯ ಫೀಸು ಬಂತು ಎಂದು ಹೇಳಿದರೆ ದೊಡ್ಡವನು ಸ್ವಲ್ಪ ಹೊತ್ತು ಕೇಳುತ್ತಾನೆ. ಚಿಕ್ಕವಳು ಮರ ಎಷ್ಟು ಎತ್ತರ ಎಂದು ಕೇಳುತ್ತಾಳೆ. ಊರಿನಲ್ಲಿ ನಾವು ಮನೆ ಮನೆಗೆ ಹೋಗಿ ಪೊಟ್ಟಣ ಕೊಟ್ಟು, ಟೀ ಕುಡಿದು, ಮುಂದಿನ ಮನೆಗೆ ಓಡುವುದನ್ನು ಅವರು ನೋಡುತ್ತಾರೆ. ನೆಂಟರು ಅಂದರೆ ಹೀಗೆ ಎಂದು ಕಲಿತರೆ ತಪ್ಪು ಅವರದ್ದಲ್ಲ. ಹಾಗಾಗಿ ನಾವು ಈಗ ಹೋಗುವ ಮನೆಗಳನ್ನು ಕಡಿಮೆ ಮಾಡಿದ್ದೇವೆ. ಹೋದಲ್ಲಿ ಒಂದು ಹೊತ್ತಿನ ಊಟಕ್ಕಾದರೂ ಕೂರುತ್ತೇವೆ. ಹಿರಿಯರಿಗೆ ಉಡುಗೊರೆ ಕೊಡುವುದು ಮಕ್ಕಳು, ಕಾಲಿಗೆ ಬಿದ್ದು ಕೊಡುತ್ತಾರೆ. ಬಾಟ್ಲಿಯನ್ನು ಮಾತ್ರ ಅವರ ಕೈಗೆ ಕೊಟ್ಟು ಕಳಿಸುವುದಿಲ್ಲ. ನೀವೂ ಕಳಿಸಬೇಡಿ.

ಮನೆಯಲ್ಲಿ ವೈನ್ ಮಾಡುವವರಿಗೆ ದುಬಾರಿ ವೈನ್ ಒಯ್ಯುವುದಕ್ಕಿಂತ ಪ್ಲಮ್ ಕೇಕಿಗೆ ನೆನೆಸಲು ಒಳ್ಳೆಯ ಒಣದ್ರಾಕ್ಷಿ, ಅಂಜೂರ, ಚೆರ್ರಿ ಒಯ್ಯಿರಿ. ಆದರೆ ನವೆಂಬರ್‌ನಲ್ಲೇ ಯಾರ ಕೈಯಲ್ಲಾದರೂ ಕಳಿಸಿ, ಕ್ರಿಸ್ಮಸ್ ಮುನ್ನಾದಿನ ಕೊಟ್ಟರೆ ಈಸ್ಟರ್ ತನಕ ಡಬ್ಬದಲ್ಲೇ ಇರುತ್ತದೆ. ವಾಪಸ್ ಹೊರಡುವಾಗ ಬಾಯಮ್ಮಂದಿರು ಮನೆ ವೈನ್ ಒಂದು ಬಾಟ್ಲಿ ಬ್ಯಾಗಿಗೆ ತುರುಕಲು ನೋಡುತ್ತಾರೆ. ಲೇಬಲ್ ಇಲ್ಲದ ಬಾಟ್ಲಿ ಏರ್‌ಪೋರ್ಟ್‌ನಲ್ಲಿ ತಲೆನೋವು. ಕುವೈತ್, ಸೌದಿಗೆ ಮರಳುವವರಿಗಂತೂ ಅಪಾಯವೇ. ಅವರ ಎದುರೇ ಕೂತು ಒಂದು ಗ್ಲಾಸ್ ಕುಡಿದು ಬನ್ನಿ. ಬ್ಯಾಗಿನ ಆ ಜಾಗಕ್ಕೆ ಕ್ರಿಸ್ಮಸ್ ತಿಂಡಿ ಕುಸ್ವಾರಿನ ಡಬ್ಬ ಹಾಕಿಸಿಕೊಳ್ಳಿ. ಈ ವರ್ಷ ರಜೆ ಸಿಗದವರು ಇಲ್ಲಿ ಸುಮಾರು ಜನ ಇದ್ದಾರೆ, ಅವರ ರೂಮಿಗೂ ಅದರಲ್ಲಿಯ ನಾಲ್ಕು ನೆವ್ರಿ ಮುಟ್ಟಿಸಿ.